ಬಿಸಿನೀರ ಬುಗ್ಗೆಯ ಹಳದಿ ಕಡ್ಡಿಗೆ ಹೆಸರಿಟ್ಟ ಕಥೆ

ಕಾಡಿನಲ್ಲಿ ಹೊಸದೊಂದು ಕಪ್ಪೆ ಕಂಡರೆ ಅದನ್ನು ಹಿಡಿದು ನೋಡಬಹುದು. ಮೈಬಣ್ಣ, ಕಾಲಿನ ಉದ್ದ, ಕೂಗುವ ರೀತಿ ಎಲ್ಲವನ್ನೂ ಬರೆದಿಟ್ಟುಕೊಂಡು, ಹಳೆಯ ಗ್ರಂಥಗಳಲ್ಲಿ ಅಂಥದ್ದು ಇಲ್ಲವೆಂದು ಖಚಿತವಾದರೆ ಹೊಸ ಪ್ರಭೇದವೆಂದು ಸಾರಬಹುದು. ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಈ ಸೌಕರ್ಯ ಇಲ್ಲ. ಕೆರೆಯ ಒಂದು ಹನಿ ನೀರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಸಾವಿರಾರು ಕಡ್ಡಿಗಳು, ಚುಕ್ಕೆಗಳು, ಸುರುಳಿಗಳು ಕಾಣುತ್ತವೆ. ಯಾವ ಕಡ್ಡಿ ಯಾವ ವಂಶದ್ದು? ಒಂದಕ್ಕೊಂದು ಪಕ್ಕದಲ್ಲೇ ಇರುವ ಎರಡು ಕಡ್ಡಿಗಳು ಆನೆ ಮತ್ತು ಇರುವೆಯಷ್ಟು ದೂರದ ಸಂಬಂಧಿಗಳಾಗಿರಬಹುದು. ಕಣ್ಣಿಗೆ ಮಾತ್ರ ಅವು ಅವಳಿ ಜವಳಿ.

ಈ ಪೇಚಾಟ ಹಳೆಯದು. ಹಾಲೆಂಡಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವೆನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರಗಳಲ್ಲಿ ಮಳೆನೀರು, ಕೆರೆನೀರು ನೋಡಿ, ಅದರೊಳಗಿನ 'ಪುಟ್ಟ ಪ್ರಾಣಿ'ಗಳ ಬಗ್ಗೆ 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ದೀರ್ಘ ಪತ್ರ ಬರೆದ. ಜಗತ್ತಿನ ಜೀವಿಗಳಿಗೆಲ್ಲ ಎರಡೆರಡು ಪದದ ಹೆಸರಿಟ್ಟು ಅಚ್ಚುಕಟ್ಟಾಗಿ ಜೋಡಿಸಿದ ಸ್ವೀಡನ್ನಿನ ಲಿನ್ನೇಯಸ್ ಮಹಾಶಯನೂ ಇವುಗಳ ಮುಂದೆ ಕೈಚೆಲ್ಲಿದ. 1767ರಲ್ಲಿ ಹೊರಬಂದ ತನ್ನ ಗ್ರಂಥದ 12ನೇ ಆವೃತ್ತಿಯಲ್ಲಿ ಇಂಥ ಸೂಕ್ಷ್ಮಜೀವಿಗಳನ್ನು ಒಟ್ಟಾಗಿ ಒಂದೇ ಕುಲಕ್ಕೆ ಸೇರಿಸಿ ಅದಕ್ಕೆ 'ಕೇಯಾಸ್' ಎಂದು ಹೆಸರಿಟ್ಟ. ಎಂದರೆ ಅವ್ಯವಸ್ಥೆ! ಮುಂದೆ 1872ರಲ್ಲಿ ಜರ್ಮನಿಯ ಫರ್ಡಿನಾಂಡ್ ಕೋನ್ ಆಕಾರ ನೋಡಿ ವಿಂಗಡಿಸಿದ. 1884ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಬಣ್ಣ ಹಿಡಿಯುವ, ಹಿಡಿಯದ ಗುಂಪುಗಳೆಂದು ಬೇರ್ಪಡಿಸುವ ವಿಧಾನ ಕಂಡುಹಿಡಿದ. ಇಂದಿಗೂ ಆಸ್ಪತ್ರೆಯ ಲ್ಯಾಬುಗಳಲ್ಲಿ 'ಗ್ರಾಮ್ ಸ್ಟೇನ್' ಎನ್ನುವುದು ಅದನ್ನೇ.

ಹಾಗಿದ್ದ ಮೇಲೆ ನೀರಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾವನ್ನು 'ಇದು ಹೊಸದು' ಎಂದು ಸಾಬೀತು ಮಾಡುವುದು ಹೇಗೆ? ಅದಕ್ಕೆ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಒಂದು ಪ್ರಕರಣ ಒಳ್ಳೆಯ ಉದಾಹರಣೆ. ಅಲ್ಲಿ ಸಿಕ್ಕ ಜೀವಿಗೆ ಹೆಸರಿಡಲು ಮೂರು ವರ್ಷ ಹಿಡಿಯಿತು. ಇಟ್ಟ ಹೆಸರಿನ ಬೆಲೆ ಎಷ್ಟೆಂದು ತಿಳಿಯಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು.

ಯೆಲ್ಲೋಸ್ಟೋನ್ 1872ರಲ್ಲಿ ಸ್ಥಾಪನೆಯಾದ ಉದ್ಯಾನ. ಭೂಗರ್ಭದ ಶಾಖದಿಂದ ಅಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬಿಸಿನೀರ ಬುಗ್ಗೆಗಳು, ಚಿಮ್ಮುಗಳು, ಕೆಸರು ಕುದಿಯುವ ಹೊಂಡಗಳು ಇವೆ. ಮಳೆ, ಹಿಮದ ಸಿಹಿನೀರೇ ನೆಲದಾಳಕ್ಕಿಳಿದು ಕಾದು ಮೇಲೇಳುತ್ತದೆ. ಎತ್ತರದ ಪ್ರದೇಶವಾದ್ದರಿಂದ ಅಲ್ಲಿ ನೀರು ಸುಮಾರು 93 ಡಿಗ್ರಿ ಸೆಲ್ಷಿಯಸ್‌ಗೇ ಕುದಿಯುತ್ತದೆ. ಇಂಡಿಯಾನಾ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಜ್ಞಾನಿ ಥಾಮಸ್ ಬ್ರಾಕ್ 1964ರ ಬೇಸಿಗೆಯಲ್ಲಿ ಮೊದಲ ಬಾರಿಗೆ ಅಲ್ಲಿಗೆ ಹೋದಾಗ ಬುಗ್ಗೆಗಳ ಸುತ್ತ ಹಸಿರು, ಹಳದಿ, ಕಿತ್ತಳೆ ಬಣ್ಣದ ಪಟ್ಟೆಗಳನ್ನು ಕಂಡು ಬೆರಗಾದರು. ಉಳಿದ ಪ್ರವಾಸಿಗರು ಫೋಟೊ ತೆಗೆದು ಮುಂದೆ ಹೋಗುತ್ತಿದ್ದರು. ಬ್ರಾಕ್ ಅಲ್ಲೇ ನಿಂತರು. ಆ ಬಣ್ಣಗಳೆಲ್ಲ ಜೀವಿಗಳದ್ದು ಎಂದು ಅವರಿಗೆ ಗೊತ್ತಿತ್ತು. ಬುಗ್ಗೆಯ ಬಾಯಿಂದ ದೂರ ಹೋದಂತೆ ನೀರು ತಣ್ಣಗಾಗುತ್ತದೆ. ಒಂದೊಂದು ಉಷ್ಣತೆಗೆ ಒಂದೊಂದು ಜೀವಿ, ಒಂದೊಂದು ಬಣ್ಣ.

ಆಗಿನ ತಿಳುವಳಿಕೆಯ ಪ್ರಕಾರ 73 ಡಿಗ್ರಿಯ ಆಸುಪಾಸೇ ಜೀವದ ಗಡಿ. ಅದಕ್ಕೂ ಮೇಲೆ ಬದುಕು ಅಸಾಧ್ಯ ಎಂಬ ನಂಬಿಕೆಗೆ ಕಾರಣವೂ ಇತ್ತು. ಮೊಟ್ಟೆ ಬೇಯಿಸಿದರೆ ಅದರ ಬಿಳಿಭಾಗ ಗಟ್ಟಿಯಾಗುತ್ತದಲ್ಲ, ಜೀವಕೋಶದೊಳಗಿನ ಪ್ರೋಟೀನುಗಳೂ ಹಾಗೆಯೇ ಬೆಂದು ಕೆಲಸಕ್ಕೆ ಬಾರದಂತಾಗುತ್ತವೆ. ಆದರೆ 'ಆಕ್ಟೋಪಸ್' ಎಂಬ ಬುಗ್ಗೆಯ ಹೊರಹರಿವಿನಲ್ಲಿ 80 ಡಿಗ್ರಿಗೂ ಮೇಲಿನ ನೀರಿನಲ್ಲಿ ಗುಲಾಬಿ ಬಣ್ಣದ ಎಳೆಗಳು ತೇಲಾಡುತ್ತಿದ್ದುದನ್ನು ಬ್ರಾಕ್ ನೋಡಿದರು. ಅದು ಬ್ಯಾಕ್ಟೀರಿಯಾವೇ ಎಂದು ಸೂಕ್ಷ್ಮದರ್ಶಕ ಹೇಳಿತು. ಬ್ರಾಕ್ ಬುಗ್ಗೆಗಳಿಗೆ ದಾರ ಕಟ್ಟಿ ಗಾಜಿನ ಪಟ್ಟಿಗಳನ್ನು ಇಳಿಬಿಟ್ಟರು. ಕೆಲವು ದಿನಗಳ ನಂತರ ಎತ್ತಿ ನೋಡಿದರೆ, ಕುದಿಯುವ ನೀರಿನಲ್ಲೂ ಗಾಜಿನ ಮೇಲೆ ಜೀವಿಗಳು ಬೆಳೆದಿದ್ದವು. 1967ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರು ಬರೆದ ಲೇಖನ, ಜೀವದ ಗಡಿಗೆರೆಯನ್ನು ಮತ್ತೆ ಎಳೆಯುವಂತೆ ಮಾಡಿತು.

ಆದರೆ ಕಂಡದ್ದಷ್ಟೇ ಸಾಲದು. ಬ್ಯಾಕ್ಟೀರಿಯಾಕ್ಕೆ ಹೆಸರಿಡಬೇಕಾದರೆ ಅದನ್ನು ಬೇರೆ ಯಾವುದರ ಬೆರಕೆಯೂ ಇಲ್ಲದಂತೆ ಶುದ್ಧವಾಗಿ ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಬೇಕು. ಗುಲಾಬಿ ಎಳೆಗಳನ್ನು ಬೆಳೆಸಲು ಬ್ರಾಕ್ ಮಾಡಿದ ಪ್ರಯತ್ನಗಳೆಲ್ಲ ಸೋತವು. ಅವು ಬುಗ್ಗೆ ಬಿಟ್ಟು ಬರಲೊಲ್ಲೆ ಎಂದು ಹಟ ಹಿಡಿದವು. (ಅವುಗಳ ಹಟ ಮುರಿಯಲು 1998ರವರೆಗೆ ಕಾಯಬೇಕಾಯಿತು. ಜರ್ಮನಿಯ ರೀಗೆನ್ಸ್‌ಬರ್ಗ್‌ನ ವಿಜ್ಞಾನಿಗಳು ಅದೇ ಆಕ್ಟೋಪಸ್ ಬುಗ್ಗೆಯಿಂದ ಅಂಥದೊಂದನ್ನು ಬೆಳೆಸಿ 'ಥರ್ಮೋಕ್ರಿನಿಸ್ ರೂಬರ್' ಎಂದು ಹೆಸರಿಟ್ಟರು.)

ಗುಲಾಬಿ ಸಿಗದಿದ್ದರೂ ಹಳದಿ ಸಿಕ್ಕಿತು. ಸಿಕ್ಕಿದ್ದು ಹಡ್ಸನ್ ಫ್ರೀಜ್ ಎಂಬ, ಇನ್ನೂ ಪದವಿ ಮುಗಿಸದ ವಿದ್ಯಾರ್ಥಿಗೆ. ಹೆಸರು ಫ್ರೀಜ್, ಹುಡುಕಿದ್ದು ಬಿಸಿ! ಬ್ರಾಕ್ ಈತನಿಗೆ ಬುಗ್ಗೆಗಳ ನೀರಿನಿಂದ ಬ್ಯಾಕ್ಟೀರಿಯಾ ಬೆಳೆಸುವ ಕೆಲಸ ಕೊಟ್ಟಿದ್ದರು. 1966ರಲ್ಲಿ ಯೆಲ್ಲೋಸ್ಟೋನ್‌ನ 'ಮಶ್ರೂಮ್' ಬುಗ್ಗೆಯಿಂದ ತಂದ ನೀರು, ಎಳೆಗಳನ್ನು ಪ್ರನಾಳಗಳಿಗೆ ಹಾಕಿ ಕಾಯಲಾಯಿತು. ಇಲ್ಲಿ ಇಬ್ಬರೂ ಎರಡು ಜಾಣ ಬದಲಾವಣೆ ಮಾಡಿಕೊಂಡಿದ್ದರು. ಬಿಸಿಪ್ರಿಯ ಬ್ಯಾಕ್ಟೀರಿಯಾಗಳನ್ನು ಹುಡುಕುವವರು ಅಲ್ಲಿಯವರೆಗೆ ಪ್ರನಾಳಗಳನ್ನು 55-60 ಡಿಗ್ರಿಯಲ್ಲಿ ಇಡುವುದು ರೂಢಿ. ಇವರು 70 ದಾಟಿಸಿದರು. ಎರಡನೆಯದು ಊಟದ ವಿಷಯ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳಿಗೆ ಸಾಮಾನ್ಯವಾಗಿ ಧಾರಾಳ ಔತಣ. ಬುಗ್ಗೆಯ ನೀರೋ ತಿಳಿನೀರು; ಅಲ್ಲಿ ಬದುಕುವವರು ಅರೆಹೊಟ್ಟೆಯವರು. ಪಾಯಸ ಬಡಿಸಿದರೆ ಬೆಳೆಯದ ಈ ಜೀವಿ ಗಂಜಿಯ ತಿಳಿ ಕೊಟ್ಟಾಗ ಬೆಳೆಯಿತು. ಶೇಕಡ 0.1ರಷ್ಟು ಮಾತ್ರ ಪೋಷಕಾಂಶ ಬೆರೆಸಿದ ದ್ರಾವಣ ಮಬ್ಬಾಯಿತು. ಮಬ್ಬಾಯಿತೆಂದರೆ ಒಳಗೆ ಯಾರೋ ಬೆಳೆಯುತ್ತಿದ್ದಾರೆ ಎಂದೇ ಅರ್ಥ.

ಅಲ್ಲಿಂದ ಶುರುವಾದದ್ದು ನಿಜವಾದ ಕೆಲಸ. ಪೊಲೀಸರು ಅಪರಿಚಿತನೊಬ್ಬನನ್ನು ಹಿಡಿದು ತಂದು ಊರು, ಕೇರಿ, ಕಸುಬು, ಮೈಮೇಲಿನ ಮಚ್ಚೆ ಎಲ್ಲವನ್ನೂ ದಾಖಲು ಮಾಡಿಕೊಳ್ಳುವುದಿಲ್ಲವೇ, ಹಾಗೆ. ಆಕಾರ: ತೆಳು ಕಡ್ಡಿ, ಬಿಸಿ ಅತಿಯಾದರೆ ಅಥವಾ ವಯಸ್ಸಾದರೆ ಉದ್ದನೆಯ ಎಳೆಯಾಗುತ್ತದೆ. ಈಜುವುದಿಲ್ಲ. ಗ್ರಾಮ್ ಬಣ್ಣ ಹಿಡಿಯುವುದಿಲ್ಲ. ಮೈಗೆ ಹಳದಿ ವರ್ಣಕ, ಬಹುಶಃ ಕ್ಯಾರಟ್ಟಿಗೆ ಬಣ್ಣ ಕೊಡುವ ಜಾತಿಯದು. ಉಸಿರಾಟಕ್ಕೆ ಆಮ್ಲಜನಕ ಬೇಕೇ ಬೇಕು. 40 ಡಿಗ್ರಿಗಿಂತ ಕೆಳಗೆ ಬೆಳೆಯದು, 79 ದಾಟಿದರೆ ಬೆಳೆಯದು, 70ರಲ್ಲಿ ಪರಮಸುಖಿ. ಆಗ ಸುಮಾರು 50 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಮುಂತಾದ ಔಷಧಗಳ ಅಲ್ಪ ಪ್ರಮಾಣಕ್ಕೇ ಸೊರಗುತ್ತದೆ.

ಈ ಪಟ್ಟಿಯಲ್ಲಿ ಮುಖ್ಯವಾದ ಒಂದು ಅಂಶ 'ಇಲ್ಲ' ಎಂಬುದು. ಆವರೆಗೆ ತಿಳಿದಿದ್ದ ಬಿಸಿಪ್ರಿಯ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಬ್ಯಾಸಿಲಸ್ ಕುಲದವು. ಅವು ಕಷ್ಟಕಾಲದಲ್ಲಿ ಗಟ್ಟಿ ಸಿಪ್ಪೆಯ ಬೀಜಕವಾಗಿ ಮುದುಡಿಕೊಳ್ಳುತ್ತವೆ. ಹೊಸ ಜೀವಿ ಬೀಜಕ ಕಟ್ಟುವುದಿಲ್ಲ. ಅಲ್ಲಿಗೆ ಅದು ಬ್ಯಾಸಿಲಸ್ ಅಲ್ಲ ಎಂದಾಯಿತು. ಜತೆಗೆ ಒಂದು ವಿಚಿತ್ರವೂ ಇತ್ತು. ಬೆಳೆದ ಪ್ರತಿಯೊಂದು ತಳಿಯಲ್ಲೂ ಕಡ್ಡಿಗಳ ನಡುವೆ ದೊಡ್ಡ ದೊಡ್ಡ ಗೋಳಗಳು ಕಾಣಿಸಿಕೊಳ್ಳುತ್ತಿದ್ದವು. ಅದು ಹಲವು ಕಡ್ಡಿಗಳು ಒಂದೇ ಹೊರಪೊರೆಯಡಿ ಸೇರಿಕೊಂಡು ಆಗುವ ರಚನೆ ಎಂದು 1970ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿಕೊಟ್ಟಿತು.

ಒಂದೇ ಬುಗ್ಗೆಯ ಒಂದೇ ತಳಿಯನ್ನು ನೆಚ್ಚಿ ಪ್ರಭೇದ ಘೋಷಿಸುವುದು ಜಾಣತನವಲ್ಲ. ಬ್ರಾಕ್ ಮತ್ತು ಫ್ರೀಜ್ ಬೇರೆ ಬುಗ್ಗೆಗಳನ್ನೂ ಜಾಲಾಡಿದರು. ಯೆಲ್ಲೋಸ್ಟೋನ್‌ನ ಹಲವೆಡೆ ಸಿಕ್ಕಿತು, ಕ್ಯಾಲಿಫೋರ್ನಿಯಾದ ಒಂದು ಬುಗ್ಗೆಯಲ್ಲೂ ಸಿಕ್ಕಿತು. ತಮಾಷೆಯೆಂದರೆ, ಯಾವ ಬುಗ್ಗೆಯೂ ಇಲ್ಲದ ಊರಿನ ಬಿಸಿನೀರಿನ ನಲ್ಲಿಯಲ್ಲೂ ಅದೇ ಹಳದಿ ಕಡ್ಡಿ ಸಿಕ್ಕಿತು! ಮನುಷ್ಯರು ನೀರು ಕಾಯಿಸಿಡಲು ಕಲಿತಂದಿನಿಂದ ಅದಕ್ಕೆ ಹೊಸ ಮನೆಗಳಾಗಿದ್ದವು.

ಇನ್ನೊಂದು ಪರೀಕ್ಷೆ ಆ ಕಾಲಕ್ಕೆ ಹೊಸದು. ಡಿಎನ್‌ಎ ಎಂಬ ವಂಶವಾಹಿ ಸರಪಳಿ ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳಿಂದ ಆದದ್ದು. ಅದರಲ್ಲಿ ಜಿ ಮತ್ತು ಸಿ ಎಷ್ಟು ಪಾಲು ಎಂಬುದು ಪ್ರಭೇದಕ್ಕೊಂದು ಗುರುತು. ಜಿ-ಸಿ ಹೆಚ್ಚಿದ್ದಷ್ಟೂ ಡಿಎನ್‌ಎ ಸಾಂದ್ರ. ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಹಾಕಿ ರಭಸದಿಂದ ಗಿರ್ರನೆ ತಿರುಗಿಸಿದರೆ ಅದು ನಿಲ್ಲುವ ಮಟ್ಟದಿಂದ ಲೆಕ್ಕ ಸಿಗುತ್ತದೆ. ನಾಲ್ಕು ತಳಿಗಳಲ್ಲಿ ಈ ಪ್ರಮಾಣ ಶೇಕಡ 65.4ರಿಂದ 67.4ರ ಒಳಗೇ ಇತ್ತು. ಬೇರೆ ಬೇರೆ ತಳಿಗಳಾದರೂ ಒಂದೇ ಮನೆತನದವು ಎಂಬುದಕ್ಕೆ ಇದು ಆಧಾರ.

1969ರ ಏಪ್ರಿಲ್ 'ಜರ್ನಲ್ ಆಫ್ ಬ್ಯಾಕ್ಟೀರಿಯಾಲಜಿ'ಯಲ್ಲಿ ವಿವರ ಪ್ರಕಟವಾಯಿತು. ಹೊಸ ಪ್ರಭೇದ ಮಾತ್ರವಲ್ಲ, ಹೊಸ ಕುಲವೂ ಹೌದು. ಹೆಸರು 'ಥರ್ಮಸ್ ಅಕ್ವಾಟಿಕಸ್'. ಬಿಸಿ ಎಂಬರ್ಥದ ಗ್ರೀಕ್ ಮೂಲದಿಂದ ಥರ್ಮಸ್, ನೀರಿನದು ಎಂಬರ್ಥದ ಲ್ಯಾಟಿನ್ನಿನಿಂದ ಅಕ್ವಾಟಿಕಸ್. ಬಿಸಿನೀರಿನವನು, ಅಷ್ಟೇ. ಯಾರ ಹೆಸರೂ ಇಲ್ಲ, ಯಾವ ಊರಿನ ಹೆಸರೂ ಇಲ್ಲ.

ಹೆಸರೇನೋ ಆಯಿತು, ಬಂಧುಬಳಗ ಯಾರು? ಈ ಪ್ರಶ್ನೆಗೆ ಮಾತ್ರ ಅವರ ಬಳಿ ಗಟ್ಟಿ ಉತ್ತರ ಇರಲಿಲ್ಲ. ಮಿಕ್ಸೋಬ್ಯಾಕ್ಟೀರಿಯಾ, ಫ್ಲೆಕ್ಸಿಬ್ಯಾಕ್ಟೀರಿಯಾ, ಫ್ಲೇವೋಬ್ಯಾಕ್ಟೀರಿಯಾ ಎಂಬ ಮೂರು ಗುಂಪುಗಳ ಸಂಬಂಧ ಇದ್ದೀತೇ ಎಂದು ಚರ್ಚಿಸಿದರು. ಬಣ್ಣ, ಎಳೆಯಂಥ ಆಕಾರ ನೋಡಿದರೆ ಆ ಊಹೆ ಸಹಜವೇ. ಆದರೆ ಮೂರೂ ಅಲ್ಲ. 1970ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೋಸ್, ಎಲ್ಲ ಜೀವಕೋಶಗಳಲ್ಲೂ ಇರುವ ರೈಬೋಸೋಮಿನ ಆರ್‌ಎನ್‌ಎ ಅಕ್ಷರಸಾಲನ್ನು ಹೋಲಿಸಿ ವಂಶವೃಕ್ಷ ಬರೆಯುವ ದಾರಿ ತೋರಿಸಿದರು. ಈ ದಾರಿಯಲ್ಲಿ ನಡೆದವರಿಗೆ 1980ರ ದಶಕದಲ್ಲಿ ಥರ್ಮಸ್‌ನ ನಿಜವಾದ ದಾಯಾದಿ ಸಿಕ್ಕಿತು: ಡೈನೋಕಾಕಸ್. 1956ರಲ್ಲಿ ವಿಕಿರಣ ಹಾಯಿಸಿ ಶುದ್ಧ ಮಾಡಿದ ಮಾಂಸದ ಡಬ್ಬಿಯಲ್ಲೂ ಬದುಕುಳಿದು ಅಮೆರಿಕದ ವಿಜ್ಞಾನಿಗಳನ್ನು ದಂಗುಬಡಿಸಿದ ದುಂಡು ಬ್ಯಾಕ್ಟೀರಿಯಾ ಅದು. ಒಬ್ಬ ಕುದಿತಕ್ಕೆ ಜಗ್ಗದವನು, ಇನ್ನೊಬ್ಬ ವಿಕಿರಣಕ್ಕೆ ಜಗ್ಗದವನು. ಹೊರನೋಟಕ್ಕೆ ಯಾವ ಹೋಲಿಕೆಯೂ ಇಲ್ಲದ ಇವರಿಬ್ಬರೂ ಈಗ ಒಂದೇ ವಿಭಾಗದ ಸದಸ್ಯರು. ಇಷ್ಟಾದರೂ 1969ರ ವಿವರಣೆ ಬಿದ್ದುಹೋಗಲಿಲ್ಲ. ಬಳಗ ಬದಲಾಯಿತು, ಜೀವಿಯ ಲಕ್ಷಣಪಟ್ಟಿ ಹಾಗೇ ಉಳಿಯಿತು. 1980ರಲ್ಲಿ ಬ್ಯಾಕ್ಟೀರಿಯಾ ಹೆಸರುಗಳ ಮನೆಯನ್ನು ಗುಡಿಸಿ ಸ್ವಚ್ಛಗೊಳಿಸಿ, ಆಧಾರವಿಲ್ಲದ ಸಾವಿರಾರು ಹಳೆಯ ಹೆಸರುಗಳನ್ನು ಕೈಬಿಟ್ಟು ಎರಡು ಸಾವಿರ ಚಿಲ್ಲರೆ ಹೆಸರುಗಳನ್ನಷ್ಟೇ ಮಾನ್ಯ ಮಾಡಿದಾಗಲೂ ಥರ್ಮಸ್ ಅಕ್ವಾಟಿಕಸ್ ಪಟ್ಟಿಯಲ್ಲಿತ್ತು.

ಲೇಖನ ಬರೆಯುವುದರ ಜತೆಗೆ ಬ್ರಾಕ್ ಇನ್ನೊಂದು ಕೆಲಸ ಮಾಡಿದ್ದರು. ಅದು ಸುದ್ದಿಯಾಗುವಂಥದ್ದಲ್ಲ. ಮಶ್ರೂಮ್ ಬುಗ್ಗೆಯ ತಳಿಯನ್ನು, ವೈಟಿ-1 ಎಂಬ ಗುರುತಿನೊಂದಿಗೆ, 'ಅಮೆರಿಕನ್ ಟೈಪ್ ಕಲ್ಚರ್ ಕಲೆಕ್ಷನ್' ಎಂಬ ಸಾರ್ವಜನಿಕ ಸಂಗ್ರಹಕ್ಕೆ ಕೊಟ್ಟರು. ಅಲ್ಲಿ ಅದರ ಸಂಖ್ಯೆ 25104. ಹೆಸರಿಗೆ ಆಧಾರವಾದ ಮೂಲತಳಿ ಇಂಥ ಒಂದು ಉಗ್ರಾಣದಲ್ಲಿ ಇದ್ದರೆ ಮುಂದೆ ಯಾರಿಗೇ ಸಂಶಯ ಬಂದರೂ ತರಿಸಿ ಹೋಲಿಸಿ ನೋಡಬಹುದು. ಕೇಳಿದ ಪ್ರಯೋಗಾಲಯಕ್ಕೆ ಅಲ್ಪ ಶುಲ್ಕಕ್ಕೆ ಅದು ಸಿಗುತ್ತದೆ. ಈ ಸಾರ್ವಜನಿಕ ಉಗ್ರಾಣವೇ ಮುಂದಿನ ಕಥೆಯ ತಿರುವು.

ಬಿಸಿನೀರಿನಲ್ಲಿ ಬದುಕುವ ಜೀವಿಯ ಕಿಣ್ವಗಳೂ ಬಿಸಿಗೆ ಬೇಯದಂಥವೇ ಇರಬೇಕಲ್ಲ? ಫ್ರೀಜ್ ಮತ್ತು ಬ್ರಾಕ್ 1970ರಲ್ಲೇ ಆಲ್ಡೊಲೇಸ್ ಎಂಬ ಒಂದು ಕಿಣ್ವವನ್ನು ಪರೀಕ್ಷಿಸಿ ಹೌದೆಂದು ತೋರಿಸಿದರು. 1976ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದ ಆಲಿಸ್ ಚಿಯೆನ್, ಡೇವಿಡ್ ಎಡ್ಗರ್, ಜಾನ್ ಟ್ರೆಲಾ ಅದೇ ಜೀವಿಯಿಂದ ಡಿಎನ್‌ಎ ನಕಲು ತೆಗೆಯುವ ಕಿಣ್ವವನ್ನು ಬೇರ್ಪಡಿಸಿದರು. 80 ಡಿಗ್ರಿಯಲ್ಲಿ ಅದು ಚುರುಕಾಗಿ ಕೆಲಸ ಮಾಡುತ್ತಿತ್ತು. ಅದನ್ನು ಯಾವುದಕ್ಕೆ ಬಳಸುವುದು ಎಂದು ಆಗ ಯಾರೂ ಕೇಳಲಿಲ್ಲ.

1983ರಲ್ಲಿ ಕ್ಯಾಲಿಫೋರ್ನಿಯಾದ ಸೀಟಸ್ ಕಂಪನಿಯ ಕ್ಯಾರಿ ಮುಲ್ಲಿಸ್, ಡಿಎನ್‌ಎಯ ಒಂದು ತುಣುಕನ್ನು ಬೇಕಾದಷ್ಟು ಪಟ್ಟು ಹೆಚ್ಚಿಸುವ ಪಿಸಿಆರ್ ವಿಧಾನ ಯೋಚಿಸಿದರು. ಡಿಎನ್‌ಎಯನ್ನು 94 ಡಿಗ್ರಿಯ ಆಸುಪಾಸು ಕಾಯಿಸಿದರೆ ಅದರ ಎರಡು ಎಳೆಗಳು ಬಿಡಿಸಿಕೊಳ್ಳುತ್ತವೆ. ತಣಿಸಿ ಕಿಣ್ವ ಕೊಟ್ಟರೆ ಪ್ರತಿ ಎಳೆಗೂ ಜೋಡಿ ಎಳೆ ನೇಯುತ್ತದೆ. ಒಂದು ಎರಡಾಯಿತು. ಮತ್ತೆ ಕಾಯಿಸಿ ತಣಿಸಿದರೆ ನಾಲ್ಕು, ಆಮೇಲೆ ಎಂಟು. 30 ಸುತ್ತಿಗೆ ಲೆಕ್ಕ ನೂರು ಕೋಟಿ ದಾಟುತ್ತದೆ. ಸಮಸ್ಯೆ ಒಂದೇ: ಬಳಸುತ್ತಿದ್ದ ಕಿಣ್ವ ನಮ್ಮ ಕರುಳಿನ ಇ. ಕೋಲೈ ಬ್ಯಾಕ್ಟೀರಿಯಾದ್ದು. ಅದು 37 ಡಿಗ್ರಿಯ ಸುಖಜೀವಿ, ಪ್ರತಿ ಸಲ ಕಾಯಿಸಿದಾಗಲೂ ಬೆಂದು ಸಾಯುತ್ತಿತ್ತು. ಸುತ್ತಿಗೊಮ್ಮೆ ಮುಚ್ಚಳ ತೆಗೆದು ಹೊಸ ಕಿಣ್ವ ಹಾಕಬೇಕು. ದುಡ್ಡೂ ದಂಡ, ಕೈಯೂ ಸೋಲುತ್ತಿತ್ತು.

ಆಗ ನೆನಪಾದದ್ದು ಥರ್ಮಸ್ ಅಕ್ವಾಟಿಕಸ್. ಸಂಗ್ರಹದ ಪಟ್ಟಿಯಲ್ಲಿ ಹೆಸರಿತ್ತು, ವಿವರಣೆ ಮುದ್ರಣದಲ್ಲಿತ್ತು, ಸಾಕುವ ಕ್ರಮವೂ ಬರೆದಿತ್ತು. ಯೆಲ್ಲೋಸ್ಟೋನ್‌ಗೆ ಹೋಗುವ ಅಗತ್ಯವೇ ಬೀಳಲಿಲ್ಲ. ಸೀಟಸ್ ವಿಜ್ಞಾನಿಗಳು ಅದರ ಕಿಣ್ವ ತೆಗೆದು ಪಿಸಿಆರ್‌ಗೆ ಬಳಸಿ 1988ರಲ್ಲಿ 'ಸೈನ್ಸ್'ನಲ್ಲಿ ಪ್ರಕಟಿಸಿದರು. ಥರ್ಮಸ್‌ನ 'ಟಿ', ಅಕ್ವಾಟಿಕಸ್‌ನ 'ಎಕ್ಯೂ' ಸೇರಿ ಕಿಣ್ವಕ್ಕೆ 'ಟ್ಯಾಕ್' ಎಂದು ಹೆಸರಾಯಿತು. ಒಮ್ಮೆ ಹಾಕಿ ಮುಚ್ಚಳ ಮುಚ್ಚಿದರೆ ಎಲ್ಲ ಸುತ್ತುಗಳೂ ಮುಗಿಯುವವರೆಗೆ ದುಡಿಯುತ್ತದೆ. ಕಾಯಿಸಿ ತಣಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು. 'ಸೈನ್ಸ್' 1989ರಲ್ಲಿ ಅದನ್ನು ವರ್ಷದ ಅಣು ಎಂದು ಕರೆಯಿತು. 1991ರಲ್ಲಿ ಸ್ವಿಟ್ಜರ್ಲೆಂಡಿನ ಹಾಫ್‌ಮನ್-ಲಾ ರೋಷ್ ಕಂಪನಿ ಪಿಸಿಆರ್ ಹಕ್ಕುಗಳನ್ನು 30 ಕೋಟಿ ಡಾಲರಿಗೆ ಕೊಂಡಿತು. 1993ರಲ್ಲಿ ಮುಲ್ಲಿಸ್‌ಗೆ ನೊಬೆಲ್ ಬಂತು.

ಕೊಲೆಗಾರನ ರಕ್ತದ ಕಲೆ, ತಂದೆ ಯಾರೆಂಬ ವ್ಯಾಜ್ಯ, ಕ್ಷಯದ ಪತ್ತೆ, ಸಾವಿರಾರು ವರ್ಷ ಹಳೆಯ ಮೂಳೆಗಳ ಅಧ್ಯಯನ, ಎಲ್ಲಕ್ಕೂ ಪಿಸಿಆರ್ ಬಂತು. 2020ರಲ್ಲಿ ಕೊರೋನಾ ಕಾಲಿಟ್ಟಾಗ 'ಆರ್‌ಟಿ-ಪಿಸಿಆರ್' ಎಂಬುದು ಕನ್ನಡ ನಾಡಿನ ಹಳ್ಳಿಹಳ್ಳಿಯ ಮಾತಾಯಿತು. ಮೂಗಿಗೆ ಕಡ್ಡಿ ಹಾಕಿಸಿಕೊಂಡು 'ಪಾಸಿಟಿವ್ವೋ ನೆಗೆಟಿವ್ವೋ' ಎಂದು ಕಾದವರಿಗೆ, ಫಲಿತಾಂಶ ಹೇಳುವ ಯಂತ್ರದೊಳಗೆ ಬುಗ್ಗೆಯ ಹಳದಿ ಕಡ್ಡಿಯ ವಂಶದ ಕಿಣ್ವ ದುಡಿಯುತ್ತಿದೆ ಎಂದು ತಿಳಿದಿರಲು ಸಾಧ್ಯವಿರಲಿಲ್ಲ. ಅಷ್ಟು ಹೊತ್ತಿಗೆ ಅದನ್ನು ತಯಾರಿಸಲು ಬಿಸಿನೀರೂ ಬೇಕಿರಲಿಲ್ಲ. ಅದರ ಜೀನನ್ನು ಇ. ಕೋಲೈಗೆ ಸೇರಿಸಿ, ಅದರ ಕೈಲೇ ಮಾಡಿಸುವುದನ್ನು 1980ರ ದಶಕದ ಕೊನೆಗೇ ಕಲಿತಾಗಿತ್ತು.

ಇಷ್ಟೆಲ್ಲದರಲ್ಲಿ ಯೆಲ್ಲೋಸ್ಟೋನ್‌ಗೆ ಸಿಕ್ಕಿದ್ದೇನು? ಏನೂ ಇಲ್ಲ. ಬ್ರಾಕ್, ಫ್ರೀಜ್‌ಗೂ ಕಿಣ್ವದ ಆದಾಯದಲ್ಲಿ ಪಾಲಿಲ್ಲ. 2013ರಲ್ಲಿ ಇಬ್ಬರಿಗೂ 'ಗೋಲ್ಡನ್ ಗೂಸ್' ಪ್ರಶಸ್ತಿ ಕೊಟ್ಟರು. ಮೇಲ್ನೋಟಕ್ಕೆ ಉಪಯೋಗವಿಲ್ಲವೆನಿಸಿ ಆಮೇಲೆ ದೊಡ್ಡ ಫಲ ಕೊಟ್ಟ ಸಂಶೋಧನೆಗಳಿಗೆ ಕೊಡುವ ಗೌರವ ಅದು. ಬ್ರಾಕ್ ಮಾತ್ರ ಹಣದ ವಿಷಯದಲ್ಲಿ ಕೊರಗಿದವರಲ್ಲ. ತಳಿಯನ್ನು ಕೊಟ್ಟದ್ದೇ ಎಲ್ಲರೂ ಬಳಸಲಿ ಎಂದು, ಬಳಸಿದರು ಎಂಬುದು ಅವರ ನಿಲುವು. ಅವರು 2021ರ ಏಪ್ರಿಲ್‌ನಲ್ಲಿ, ಜಗತ್ತು ದಿನಕ್ಕೆ ಲಕ್ಷಗಟ್ಟಲೆ ಪಿಸಿಆರ್ ಪರೀಕ್ಷೆ ಮಾಡುತ್ತಿದ್ದ ಕಾಲದಲ್ಲಿ, ತೀರಿಕೊಂಡರು.

ಉದ್ಯಾನದ ಅಧಿಕಾರಿಗಳು ಅಷ್ಟು ಉದಾರವಾಗಿ ಯೋಚಿಸಲಿಲ್ಲ, ಯೋಚಿಸಬೇಕಾಗಿಯೂ ಇರಲಿಲ್ಲ. 1997ರಲ್ಲಿ ಅವರು ಡೈವರ್ಸಾ ಎಂಬ ಕಂಪನಿಯೊಡನೆ, ಬುಗ್ಗೆಯ ಜೀವಿಗಳಿಂದ ಲಾಭ ಬಂದರೆ ಪಾಲು ಕೊಡಬೇಕೆಂಬ ಒಪ್ಪಂದ ಮಾಡಿಕೊಂಡರು. ರಾಷ್ಟ್ರೀಯ ಉದ್ಯಾನವನ್ನು ಮಾರಾಟಕ್ಕಿಟ್ಟಿರಾ ಎಂದು ಕೆಲವರು ಕೋರ್ಟಿಗೂ ಹೋದರು.

ಈ ಜಗಳ ಈಗ ಹೆಸರಿಡುವ ಕೆಲಸದೊಳಕ್ಕೇ ಬಂದು ಕೂತಿದೆ. ಹೊಸ ಬ್ಯಾಕ್ಟೀರಿಯಾ ಪ್ರಭೇದ ಮಾನ್ಯವಾಗಬೇಕಾದರೆ ಅದರ ಮೂಲತಳಿಯನ್ನು ಎರಡು ಬೇರೆ ಬೇರೆ ದೇಶಗಳ ಸಾರ್ವಜನಿಕ ಸಂಗ್ರಹಗಳಲ್ಲಿ ಇಡಬೇಕು, ಕೇಳಿದವರಿಗೆ ಅದು ನಿರ್ಬಂಧವಿಲ್ಲದೆ ಸಿಗಬೇಕು ಎಂಬುದು 2001ರಿಂದ ಜಾರಿಯಲ್ಲಿರುವ ಅಂತಾರಾಷ್ಟ್ರೀಯ ನಿಯಮ. ಭಾರತದ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ, ಇಲ್ಲಿನ ಜೈವಿಕ ಸಂಪತ್ತನ್ನು ವಿದೇಶೀಯರು ಪಡೆಯಬೇಕಾದರೆ ಪ್ರಾಧಿಕಾರದ ಅನುಮತಿ ಬೇಕು. ಒಂದು ಕಡೆ ಬಾಗಿಲು ತೆರೆದಿಡು ಎಂಬ ನಿಯಮ, ಇನ್ನೊಂದು ಕಡೆ ಚಿಲಕ ಹಾಕು ಎಂಬ ಕಾನೂನು. ಭಾರತದ ಕೆರೆ, ಬುಗ್ಗೆಗಳಲ್ಲಿ ಹೊಸ ಜೀವಿ ಕಂಡವರು ಇವೆರಡರ ನಡುವೆ ತಡಕಾಡಿದ್ದಾರೆ. ಟ್ಯಾಕ್‌ನ ಕಥೆಯನ್ನು ಎರಡೂ ಪಕ್ಷದವರು ತಮ್ಮ ಸಾಕ್ಷಿಯಾಗಿ ಕರೆಯುತ್ತಾರೆ. ಉಗ್ರಾಣ ತೆರೆದಿದ್ದರಿಂದಲೇ ಪಿಸಿಆರ್ ಆಯಿತು ಎನ್ನುತ್ತಾರೆ ಒಬ್ಬರು. ತೆರೆದಿದ್ದರಿಂದಲೇ ಬುಗ್ಗೆಯ ಒಡೆಯರಿಗೆ ಬಿಡಿಗಾಸೂ ಸಿಗಲಿಲ್ಲ ಎನ್ನುತ್ತಾರೆ ಇನ್ನೊಬ್ಬರು. ಇಬ್ಬರ ಮಾತೂ ನಿಜ.

ಪ್ರಭೇದ ಗುರುತಿಸುವ ವಿಧಾನವೂ ಬದಲಾಗಿದೆ. ಇಂದು ಹೊಸ ಜೀವಿ ಸಿಕ್ಕರೆ ಮೊದಲು ಓದುವುದು ಅದರ ಪೂರ್ತಿ ಡಿಎನ್‌ಎಯನ್ನೇ. ಹತ್ತಿರದ ಪ್ರಭೇದದೊಡನೆ ಹೋಲಿಸಿದಾಗ ಸಾಮ್ಯ ಶೇಕಡ 95-96ಕ್ಕಿಂತ ಕಡಿಮೆಯಿದ್ದರೆ ಬೇರೆ ಪ್ರಭೇದ ಎಂಬುದು ಒಪ್ಪಿತ ಲೆಕ್ಕ. ಆದರೂ ಶುದ್ಧವಾಗಿ ಬೆಳೆಸಿ, ಏನು ತಿನ್ನುತ್ತದೆ, ಎಷ್ಟು ಬಿಸಿ ತಾಳುತ್ತದೆ, ಯಾವ ಔಷಧಕ್ಕೆ ಸೊರಗುತ್ತದೆ ಎಂದು ಬರೆಯುವ ಪಟ್ಟಿ ಬಹುಮಟ್ಟಿಗೆ 1969ರದ್ದೇ.

ಹಿಮಾಚಲ ಪ್ರದೇಶದ ಪಾರ್ವತಿ ಕಣಿವೆಯಲ್ಲಿ ಮಣಿಕರಣ್ ಎಂಬ ಯಾತ್ರಾಸ್ಥಳವಿದೆ. ಅಲ್ಲಿನ ಬುಗ್ಗೆಗಳ ಕುದಿನೀರಿನಲ್ಲಿ ಅಕ್ಕಿ ಬೇಯಿಸುತ್ತಾರೆ. ಅದೇ ನೀರಿನಿಂದ ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಂದು ಥರ್ಮಸ್ ಬೆಳೆಸಿ, ಅದರ ಡಿಎನ್‌ಎ ಓದಿ, ಹಳೆಯ ಪ್ರಭೇದಗಳೊಡನೆ ಹೋಲಿಸಿ, 2015ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದರು. ಬ್ರಾಕ್ ಕೊಟ್ಟ ಕುಲದ ಹೆಸರಿನ ಮುಂದೆ ಕಣಿವೆಯ ಹೆಸರು ಸೇರಿ ಅದು 'ಥರ್ಮಸ್ ಪಾರ್ವತಿಯೆನ್ಸಿಸ್' ಆಯಿತು.